ಕೊಳವೆ ಬಾವಿ ನೀರಿನ ವಿಷಲೋಹ: ಪತ್ತೆ ಮಾಡುವ ಸೂಕ್ಷ್ಮಾಣು ಜೀವಿಗಳು

ಗೌರಿಬಿದನೂರು ತಾಲ್ಲೂಕಿನ ಅಲೀಪುರದ ಆಸುಪಾಸಿನಲ್ಲಿ ಬೇಸಾಯ ಮಾಡುವವರಿಗೆ ನೀರಿನ ಬೆಲೆಯನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ವರ್ಷವಿಡೀ ಹರಿಯುವ ಹೊಳೆ ಇಲ್ಲಿಲ್ಲ. ಉತ್ತರ ಪಿನಾಕಿನಿಯಲ್ಲಿ ನೀರು ಕಾಣುವುದು ಮಳೆ ಚೆನ್ನಾಗಿ ಬಂದಾಗ ಮಾತ್ರ. ತೆರೆದ ಬಾವಿಗಳು ಬತ್ತಿ ಬಹಳ ಕಾಲವಾಯಿತು. ಮುಸುಕಿನ ಜೋಳಕ್ಕಾಗಲಿ, ಹಿಪ್ಪುನೇರಳೆಗಾಗಲಿ, ಮನೆಯ ಕೊಡಕ್ಕಾಗಲಿ ಕೊಳವೆ ಬಾವಿಯೇ ಗತಿ. ಅದರ ಆಳವೂ ಅನೇಕ ಕಡೆ ಸಾವಿರ ಅಡಿ ದಾಟಿದೆ.

ಅಷ್ಟು ಆಳದಿಂದ ಬಂದ ನೀರು ನೋಡಲು ತಿಳಿಯಾಗಿರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಇಂತಹ ನೀರು ಒಳ್ಳೆಯದೆಂದು ನಂಬುವುದು ಸಹಜ. ಆದರೆ ಹರಳಿನ ವ್ಯಾಪಾರಕ್ಕೆ ಹೆಸರಾದ ಅಲೀಪುರದಲ್ಲಿ ಹೊಳಪನ್ನು ಕಂಡ ಮಾತ್ರಕ್ಕೆ ಯಾರೂ ಹರಳಿಗೆ ಬೆಲೆ ಕಟ್ಟುವುದಿಲ್ಲ. ಪರೀಕ್ಷೆ ಮಾಡಿಯೇ ಕಟ್ಟುತ್ತಾರೆ. ನೀರಿಗೂ ಇದೇ ನಿಯಮ ಅನ್ವಯಿಸುತ್ತದೆ. ನೀರಿನಲ್ಲಿ ಕರಗಿರುವ ವಿಷಲೋಹಗಳನ್ನು ಕಣ್ಣು, ಮೂಗು, ನಾಲಗೆಗಳಿಂದ ತಿಳಿಯಲು ಸಾಧ್ಯವಿಲ್ಲ.

ಈ ಕೆಲಸಕ್ಕೆ ಈಗ ವಿಜ್ಞಾನಿಗಳು ಸೂಕ್ಷ್ಮಾಣು ಜೀವಿಗಳನ್ನು ಪಳಗಿಸುತ್ತಿದ್ದಾರೆ. ನೀರಿನಲ್ಲಿ ವಿಷಲೋಹವಿದ್ದರೆ ಬೆಳಕು ಬೀರಿಯೋ, ಬಣ್ಣ ತೋರಿಸಿಯೋ ಅವು ತಿಳಿಸುತ್ತವೆ. ಇವು ಕೆಲಸ ಮಾಡುವ ಬಗೆ, ಇವನ್ನು ಎಷ್ಟರಮಟ್ಟಿಗೆ ನಂಬಬಹುದು, ಇವು ಹಳ್ಳಿಗೆ ಬರುವವರೆಗೆ ರೈತ ಬಾಂಧವರು ಮಾಡಬೇಕಾದ್ದೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಬಂಡೆಯೊಳಗಿನ ಲೋಹ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಭೂಮಿಯ ಕೆಳಗೆ ಹೆಚ್ಚಾಗಿ ಇರುವುದು ನೈಸ್ ಮತ್ತು ಗ್ರಾನೈಟ್ ಜಾತಿಯ ಗಟ್ಟಿ ಬಂಡೆ. ಈ ಜಾತಿಯ ಬಂಡೆಗಳಲ್ಲಿ ಯುರೇನಿಯಂ ಎಂಬ ಲೋಹ ಸ್ವಾಭಾವಿಕವಾಗಿಯೇ ಅತಿ ಸ್ವಲ್ಪ ಪ್ರಮಾಣದಲ್ಲಿರುತ್ತದೆ. ಅದನ್ನು ಯಾವ ಕಾರ್ಖಾನೆಯೂ ತಂದು ಸುರಿದದ್ದಲ್ಲ. ಬಂಡೆಯ ಬಿರುಕುಗಳಲ್ಲಿ ನೀರು ಬಹುಕಾಲ ನಿಂತಾಗ, ನೀರಿನಲ್ಲಿರುವ ಆಮ್ಲಜನಕ ಮತ್ತು ಬೈಕಾರ್ಬೊನೇಟ್ ಲವಣಗಳ ನೆರವಿನಿಂದ ಈ ಲೋಹ ಕರಗಿ ನೀರಿಗೆ ಸೇರುತ್ತದೆ.

ಬಿರುಕುಗಳು ಒಂದೇ ಸಮನಾಗಿ ಹಬ್ಬಿರುವುದಿಲ್ಲ. ಆದ್ದರಿಂದ ಒಂದು ಬಾವಿಯಲ್ಲಿ ಲೋಹ ಹೆಚ್ಚಾಗಿದ್ದು, ಬದುವಿನ ಆಚೆಯ ಬಾವಿಯಲ್ಲಿ ಕಡಿಮೆ ಇರಬಹುದು. ಪಕ್ಕದ ಹೊಲದವರ ನೀರಿನ ಫಲಿತಾಂಶವನ್ನು ನಿಮ್ಮ ಬಾವಿಗೆ ಅನ್ವಯಿಸಿಕೊಳ್ಳಬಾರದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಹವಾಮಾನ ಬದಲಾವಣೆ ಕೇಂದ್ರ ಮತ್ತು ಮಂಗಳೂರು ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಪೂರ್ವ ಕರ್ನಾಟಕದ ಅಂತರ್ಜಲವನ್ನು ಪರೀಕ್ಷಿಸಿ 2021ರಲ್ಲಿ ವರದಿ ಪ್ರಕಟಿಸಿದರು. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಮೊದಲಾದ ಜಿಲ್ಲೆಗಳ 73 ಹಳ್ಳಿಗಳ ನೀರನ್ನು ಅವರು ನೋಡಿದ್ದರು. ಅವುಗಳಲ್ಲಿ 57 ಹಳ್ಳಿಗಳ ನೀರಿನಲ್ಲಿ ಯುರೇನಿಯಂ ಲೀಟರಿಗೆ 30 ಮೈಕ್ರೋಗ್ರಾಂಗಿಂತ ಹೆಚ್ಚಾಗಿತ್ತು. 48 ಹಳ್ಳಿಗಳಲ್ಲಿ 60 ಮೈಕ್ರೋಗ್ರಾಂ ಮೀರಿತ್ತು. ಇದರಿಂದ ಎಲ್ಲ ಬಾವಿಗಳೂ ಕೆಟ್ಟಿವೆ ಎಂದು ತಿಳಿಯಬಾರದು. ಪರೀಕ್ಷೆ ಮಾಡದೆ ಯಾವ ಬಾವಿಯನ್ನೂ ಒಳ್ಳೆಯದೆಂದಾಗಲಿ ಕೆಟ್ಟದ್ದೆಂದಾಗಲಿ ಹೇಳುವಂತಿಲ್ಲ ಎಂಬುದೇ ಇದರ ಅರ್ಥ.

ಎಷ್ಟಿದ್ದರೆ ಹೆಚ್ಚು?

ಕುಡಿಯುವ ನೀರಿನಲ್ಲಿ ಯುರೇನಿಯಂ ಲೀಟರಿಗೆ 30 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. ಭಾರತೀಯ ಮಾನಕ ಬ್ಯೂರೋ ಸಹ ಇದೇ ಮಿತಿಯನ್ನು ಅಳವಡಿಸಿಕೊಂಡಿದೆ. ಒಂದು ಮೈಕ್ರೋಗ್ರಾಂ ಎಂದರೆ ಒಂದು ಗ್ರಾಂನ ಹತ್ತು ಲಕ್ಷದ ಒಂದು ಭಾಗ. 30 ಮೈಕ್ರೋಗ್ರಾಂ ಎಷ್ಟು ಕಡಿಮೆ ಎಂಬುದನ್ನು ಹೀಗೆ ಊಹಿಸಿಕೊಳ್ಳಿ: 5,000 ಲೀಟರ್ ಹಿಡಿಯುವ ಆರೂವರೆ ಟ್ಯಾಂಕರ್ ನೀರಿನಲ್ಲಿ ಒಂದೇ ಒಂದು ಗ್ರಾಂ ಯುರೇನಿಯಂ ಕರಗಿದ್ದರೂ ಆ ನೀರು ಮಿತಿಯನ್ನು ಮುಟ್ಟಿತೆಂದೇ ಲೆಕ್ಕ.

ಯುರೇನಿಯಂ ಎಂದೊಡನೆ ಅಣುಬಾಂಬಿನ ನೆನಪಾಗಿ ಗಾಬರಿಯಾಗುವುದುಂಟು. ನೀರಿನಲ್ಲಿರುವ ಸ್ವಾಭಾವಿಕ ಯುರೇನಿಯಂನ ವಿಕಿರಣ ಬಹಳ ಕ್ಷೀಣವಾದದ್ದು. ಅದಕ್ಕಿಂತ ಹೆಚ್ಚು ಯೋಚಿಸಬೇಕಾದ್ದು ಅದರ ರಾಸಾಯನಿಕ ಗುಣ. ಸೀಸ, ಕ್ಯಾಡ್ಮಿಯಂಗಳಂತೆ ಇದೂ ಒಂದು ಭಾರಲೋಹ. ವರ್ಷಗಟ್ಟಲೆ ಕುಡಿದರೆ ಮೂತ್ರಪಿಂಡಗಳಿಗೆ ಹಾನಿಯಾಗುವ ಸಂಭವವಿದೆ. ನೋವು, ಜ್ವರಗಳಂತಹ ಮುನ್ಸೂಚನೆ ಇರುವುದಿಲ್ಲ. ದೇಹ ಎಚ್ಚರಿಕೆ ಕೊಡುವುದಿಲ್ಲವಾದ್ದರಿಂದ ಎಚ್ಚರಿಕೆಯನ್ನು ನೀರಿನ ಪರೀಕ್ಷೆಯಿಂದಲೇ ಪಡೆಯಬೇಕು.

ಪರೀಕ್ಷೆಗೆ ಇಂದು ಬಳಕೆಯಲ್ಲಿರುವುದು ಫ್ಲೋರಿಮೀಟರ್‌ನಂತಹ ಉಪಕರಣಗಳು. ಇವು ಬಹಳ ನಿಖರವಾದವು. ಆದರೆ ಉಪಕರಣಕ್ಕೆ ಬೆಲೆ ಹೆಚ್ಚು, ನಡೆಸಲು ತರಬೇತಾದವರು ಬೇಕು, ನೀರನ್ನು ಪ್ರಯೋಗಾಲಯಕ್ಕೆ ಒಯ್ಯಬೇಕು. ಒಂದು ತಾಲ್ಲೂಕಿನ ಸಾವಿರಾರು ಬಾವಿಗಳನ್ನು ಹೀಗೆ ನೋಡುತ್ತಾ ಹೋಗುವುದು ನಿಧಾನದ ಕೆಲಸ. ಬಾವಿಯ ಬಳಿಯಲ್ಲೇ, ಕಡಿಮೆ ಖರ್ಚಿನಲ್ಲಿ ಮೊದಲ ಜರಡಿ ಹಿಡಿಯುವ ಸಾಧನವೊಂದು ಬೇಕೆಂಬ ಯೋಚನೆಯಿಂದ ಸೂಕ್ಷ್ಮಾಣುಗಳ ಕಡೆಗೆ ದೃಷ್ಟಿ ಹರಿಯಿತು.

ಸೂಕ್ಷ್ಮಾಣುವಿನೊಳಗಿನ ನೀರುಗಂಟಿ

ಸೂಕ್ಷ್ಮಾಣು ಜೀವಿಗಳು ರೈತರಿಗೆ ಹೊಸಬರಲ್ಲ. ಹಾಲನ್ನು ಮೊಸರು ಮಾಡುವುವು ಅವೇ. ಕಡಲೆಕಾಯಿ, ತೊಗರಿ ಬೀಜಕ್ಕೆ ನೀವು ಲೇಪಿಸುವ ರೈಜೋಬಿಯಂ ಕೂಡ ಸೂಕ್ಷ್ಮಾಣುವೇ. ಮಣ್ಣು ಮತ್ತು ನೀರಿನಲ್ಲಿ ಕೋಟಿಗಟ್ಟಲೆ ವರ್ಷಗಳಿಂದ ಬಾಳುತ್ತಿರುವ ಈ ಜೀವಿಗಳಿಗೆ ವಿಷಲೋಹಗಳ ಕಾಟ ಹೊಸದೇನಲ್ಲ. ಲೋಹ ಒಳಗೆ ಬಂದ ಕೂಡಲೇ ಅದನ್ನು ಗುರುತಿಸಿ ಹೊರಗೆ ತಳ್ಳುವ ಏರ್ಪಾಡನ್ನು ಹಲವು ಜಾತಿಯ ಸೂಕ್ಷ್ಮಾಣುಗಳು ಮಾಡಿಕೊಂಡಿವೆ.

ಈ ಏರ್ಪಾಡನ್ನು ನಮ್ಮ ಕೆರೆಯ ತೂಬಿಗೆ ಹೋಲಿಸಬಹುದು. ತೂಬಿನ ಬಳಿ ನೀರುಗಂಟಿ ಕಾವಲಿರುತ್ತಾನೆ. ಹೊತ್ತಲ್ಲದ ಹೊತ್ತಿನಲ್ಲಿ ಅವನು ತೂಬು ಎತ್ತುವುದಿಲ್ಲ. ಸರದಿ ಬಂದಾಗ ಎತ್ತುತ್ತಾನೆ, ನೀರು ಕಾಲುವೆ ಹಿಡಿದು ಗದ್ದೆಗೆ ಹರಿಯುತ್ತದೆ. ಸೂಕ್ಷ್ಮಾಣುವಿನಲ್ಲಿ ಒಂದು ಬಗೆಯ ಪ್ರೋಟೀನು ಹೀಗೆ ಕಾವಲು ಕಾಯುತ್ತದೆ. ಅದು ವಂಶವಾಹಿಯ ಬಾಯಲ್ಲಿ ಕುಳಿತಿರುವವರೆಗೆ ಆ ವಂಶವಾಹಿ ಕೆಲಸ ಮಾಡುವುದಿಲ್ಲ. ತಾನು ಕಾಯುತ್ತಿರುವ ಲೋಹ, ಉದಾಹರಣೆಗೆ ಆರ್ಸೆನಿಕ್, ಬಂದು ತಾಕಿದೊಡನೆ ಕಾವಲುಗಾರ ಪಕ್ಕಕ್ಕೆ ಸರಿಯುತ್ತಾನೆ. ವಂಶವಾಹಿ ಎಚ್ಚತ್ತು, ಲೋಹವನ್ನು ಹೊರದಬ್ಬುವ ಪ್ರೋಟೀನನ್ನು ತಯಾರಿಸತೊಡಗುತ್ತದೆ. ಎಲ್ಲ ಕಾವಲುಗಾರರ ವಿಧಾನವೂ ಒಂದೇ ಅಲ್ಲ. ಆದರೆ ಲೋಹ ಬಂದಾಗ ತೂಬು ತೆರೆಯುವುದು ಎಲ್ಲಕ್ಕೂ ಸಾಮಾನ್ಯ.

ವಿಜ್ಞಾನಿಗಳು ಮಾಡಿದ ಮಾರ್ಪಾಡು ಇಷ್ಟೇ. ತೂಬನ್ನೂ ನೀರುಗಂಟಿಯನ್ನೂ ಹಾಗೆಯೇ ಬಿಟ್ಟು, ಕಾಲುವೆಯನ್ನು ಬೇರೊಂದು ಗದ್ದೆಗೆ ತಿರುಗಿಸಿದರು. ಲೋಹವನ್ನು ಹೊರದಬ್ಬುವ ವಂಶವಾಹಿಯ ಜಾಗದಲ್ಲಿ ಬೆಳಕು ಅಥವಾ ಬಣ್ಣ ಕೊಡುವ ವಂಶವಾಹಿಯನ್ನು ಜೋಡಿಸಿದರು. ಇದಕ್ಕೆ ಹೆಚ್ಚಾಗಿ ಬಳಸುವುದು ಸಮುದ್ರದ ಒಂದು ಲೋಳೆಮೀನಿನಿಂದ ಪಡೆದ ಹಸಿರು ಬೆಳಕಿನ ಪ್ರೋಟೀನಿನ ವಂಶವಾಹಿಯನ್ನು. ಈ ಪ್ರೋಟೀನನ್ನು ಕಂಡುಹಿಡಿದು ಬಳಕೆಗೆ ತಂದ ಮೂವರು ವಿಜ್ಞಾನಿಗಳಿಗೆ 2008ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಈಗ ಲೋಹ ಬಂದರೆ ಸೂಕ್ಷ್ಮಾಣು ಹಸಿರಾಗಿ ಬೆಳಗುತ್ತದೆ. ಪಾದರಸ, ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್‌ಗಳಿಗೆ ಬೇರೆ ಬೇರೆ ಕಾವಲುಗಾರರಿರುವುದರಿಂದ ಪ್ರತಿಯೊಂದಕ್ಕೂ ಬೇರೆ ಸೂಕ್ಷ್ಮಾಣುವನ್ನು ಸಿದ್ಧಪಡಿಸಬಹುದಾಗಿದೆ.

ಯುರೇನಿಯಂ ಗುರುತಿಸುವ ಸೂಕ್ಷ್ಮಾಣು

ಸಿಹಿನೀರಿನಲ್ಲಿ ವಾಸಿಸುವ ಕಾಲೊಬ್ಯಾಕ್ಟರ್ ಕ್ರೆಸೆಂಟಸ್ ಎಂಬ ಸೂಕ್ಷ್ಮಾಣು ಮನುಷ್ಯರಿಗೆ ರೋಗ ತರುವ ಜಾತಿಯದಲ್ಲ. ಇದಕ್ಕೆ ಯುರೇನಿಯಂ ತಗುಲಿದಾಗ ಕೆಲವು ವಂಶವಾಹಿಗಳು ಚುರುಕಾಗುತ್ತವೆ, ಬೇರೆ ಭಾರಲೋಹಗಳು ತಗುಲಿದಾಗ ಅವು ಹಾಗೆ ಚುರುಕಾಗುವುದಿಲ್ಲ ಎಂಬುದನ್ನು ವಿಜ್ಞಾನಿಗಳು ಗಮನಿಸಿದರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯ ಮತ್ತು ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದವರು ಅಂತಹ ಒಂದು ವಂಶವಾಹಿಯ ತೂಬಿಗೆ ಹಸಿರು ಬೆಳಕಿನ ವಂಶವಾಹಿಯನ್ನು ಜೋಡಿಸಿ, 2007ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು.

ಈ ಸೂಕ್ಷ್ಮಾಣುವನ್ನು ನೀರಿನ ಮಾದರಿಯೊಂದಿಗೆ ಬೆರೆಸಿ, ಕೈಯಲ್ಲಿ ಹಿಡಿಯುವ ಅತಿನೇರಳೆ ದೀಪದ ಕೆಳಗೆ ಹಿಡಿದರೆ ಸಾಕು. ಯುರೇನಿಯಂ ಇದ್ದರೆ ಹಸಿರು ಬೆಳಕು ಕಾಣುತ್ತದೆ. ಬೇರೆ ಯಂತ್ರ ಬೇಕಾಗಿಲ್ಲ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನೈಟ್ರೇಟ್‌ಗಳಿಗೆ ಅದು ಮೋಸಹೋಗುವುದು ಬಹಳ ಕಡಿಮೆ. ಓಕ್ ರಿಡ್ಜ್ ಎಂಬಲ್ಲಿನ ಅಂತರ್ಜಲದ ಮೇಲೆ ಇದನ್ನು ಪ್ರಯೋಗಿಸಿದಾಗ ಕಲುಷಿತ ನೀರನ್ನೂ ಒಳ್ಳೆಯ ನೀರನ್ನೂ ಅದು ಸರಿಯಾಗಿ ಬೇರ್ಪಡಿಸಿತು. 2019ರಲ್ಲಿ ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯದವರು ಇದೇ ಸೂಕ್ಷ್ಮಾಣುವಿಗೆ ಎರಡು ಕಾವಲುಗಾರರನ್ನು ಒಟ್ಟಿಗೆ ಜೋಡಿಸಿದರು. ಇಬ್ಬರೂ ಒಪ್ಪಿದಾಗ ಮಾತ್ರ ಸೂಚನೆ ಕಾಣುವುದರಿಂದ ತಪ್ಪು ಸೂಚನೆಯ ಸಂಭವ ಇನ್ನಷ್ಟು ತಗ್ಗಿತು.

ಇಲ್ಲಿಯವರೆಗೆ ಓದಿದ ಮೇಲೆ ‘ಇದನ್ನು ನಮಗೂ ಕೊಡಿ’ ಎಂದು ನೀವು ಕೇಳಬಹುದು. ಆದರೆ ಒಂದು ಲೆಕ್ಕವನ್ನು ಗಮನವಿಟ್ಟು ನೋಡಬೇಕು. ಓಕ್ ರಿಡ್ಜ್‌ನ ಕಲುಷಿತ ನೀರಿನಲ್ಲಿದ್ದ ಯುರೇನಿಯಂ ಲೀಟರಿಗೆ ಸುಮಾರು 1,000 ಮೈಕ್ರೋಗ್ರಾಂ. ಒಳ್ಳೆಯ ನೀರಿನಲ್ಲಿದ್ದದ್ದು ಸುಮಾರು 24ಕ್ಕಿಂತ ಕಡಿಮೆ. ಇವೆರಡರ ನಡುವಿನ ಅಂತರ ನಲವತ್ತು ಪಟ್ಟಿಗಿಂತ ಹೆಚ್ಚು. ಈ ಸೂಕ್ಷ್ಮಾಣು ಗುರುತಿಸುವುದು ಮೈಕ್ರೋಮೋಲ್ ಮಟ್ಟದ ಯುರೇನಿಯಂ ಅನ್ನು. ಒಂದು ಮೈಕ್ರೋಮೋಲ್ ಎಂದರೆ ಲೀಟರಿಗೆ 238 ಮೈಕ್ರೋಗ್ರಾಂ. ಅಂದರೆ ನಮ್ಮ ಮಿತಿಯ ಸುಮಾರು ಎಂಟು ಪಟ್ಟು. ಲೀಟರಿಗೆ 50 ಅಥವಾ 80 ಮೈಕ್ರೋಗ್ರಾಂ ಇರುವ ನೀರು ಕುಡಿಯಲು ಯೋಗ್ಯವಲ್ಲ. ಆದರೂ ಸೂಕ್ಷ್ಮಾಣು ಅಲ್ಲಿ ಬೆಳಗದೆ ಸುಮ್ಮನಿರಬಹುದು.

ಆದ್ದರಿಂದ ಈ ಲೇಖನದ ಮುಖ್ಯ ಮಾತನ್ನು ಇಲ್ಲಿಯೇ ಹೇಳಬೇಕು. ಸೂಕ್ಷ್ಮಾಣು ಬೆಳಗಿದರೆ ಆ ನೀರನ್ನು ಕುಡಿಯುವುದನ್ನು ಕೂಡಲೇ ನಿಲ್ಲಿಸಬೇಕು. ಬೆಳಗದಿದ್ದರೆ ನೀರು ಒಳ್ಳೆಯದೆಂದು ತಿಳಿಯಬಾರದು.

ಆರ್ಸೆನಿಕ್ ಪರೀಕ್ಷೆಯ ಅನುಭವ

ಸೂಕ್ಷ್ಮಾಣು ಪರೀಕ್ಷೆ ಹೊಲದ ಬಾವಿಯವರೆಗೆ ಬಂದದ್ದು ಆರ್ಸೆನಿಕ್ ವಿಷಯದಲ್ಲಿ. ಸ್ವಿಟ್ಜರ್‌ಲೆಂಡಿನ ವಿಜ್ಞಾನಿಗಳು ಸಿದ್ಧಪಡಿಸಿದ ಸೂಕ್ಷ್ಮಾಣುವಿನಿಂದ ವಿಯೆಟ್ನಾಂ ದೇಶದ 194 ಅಂತರ್ಜಲ ಮಾದರಿಗಳನ್ನು ಪರೀಕ್ಷಿಸಿ 2005ರಲ್ಲಿ ವರದಿ ಮಾಡಲಾಯಿತು. ಆರ್ಸೆನಿಕ್‌ಗೆ ಇರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಅಷ್ಟು ಕಡಿಮೆ ಪ್ರಮಾಣವನ್ನೂ ಸೂಕ್ಷ್ಮಾಣು ಹಿಡಿಯಿತು. ಒಳ್ಳೆಯ ನೀರನ್ನು ಕೆಟ್ಟದ್ದೆಂದು ಹೇಳಿದ್ದು ನೂರಕ್ಕೆ ಎರಡು ಮೂರು ಸಲ. ಕೆಟ್ಟ ನೀರನ್ನು ಒಳ್ಳೆಯದೆಂದು ಹೇಳಿದ್ದು ನೂರಕ್ಕೆ ಸುಮಾರು ಎಂಟು ಸಲ.

ಮೊದಲನೆಯ ತಪ್ಪಿನಿಂದ ಸ್ವಲ್ಪ ಖರ್ಚಾದೀತು, ಇನ್ನೊಮ್ಮೆ ಪರೀಕ್ಷೆ ಮಾಡಿಸಿದರೆ ಸರಿಹೋಗುತ್ತದೆ. ಎರಡನೆಯ ತಪ್ಪು ಹಾಗಲ್ಲ. ಒಂದು ಮನೆಯವರು ನಿಶ್ಚಿಂತೆಯಿಂದ ವಿಷವನ್ನು ಕುಡಿಯುತ್ತಾ ಹೋಗುತ್ತಾರೆ. ಯಾವುದೇ ಸುಲಭ ಪರೀಕ್ಷೆಯನ್ನು ತೂಗಿ ನೋಡುವಾಗ ‘ಇದು ಎಷ್ಟು ಕೆಟ್ಟ ಬಾವಿಗಳನ್ನು ಬಿಟ್ಟುಬಿಡುತ್ತದೆ?’ ಎಂದು ಮೊದಲು ಕೇಳಬೇಕು.

ಆರ್ಸೆನಿಕ್ ನಮ್ಮ ರಾಜ್ಯಕ್ಕೆ ಸಂಬಂಧಪಡದ ವಿಷಯವೇನಲ್ಲ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಕೊಳವೆ ಬಾವಿ ನೀರು ಕುಡಿದ ಜನರಿಗೆ ಆರ್ಸೆನಿಕ್‌ನಿಂದ ಚರ್ಮದ ರೋಗ ಬಂದದ್ದು ವರದಿಯಾಗಿದೆ. ಅದರ ಸಮೀಪದಲ್ಲಿರುವುದು ಕೆಲಸ ನಿಂತುಹೋದ ಮಂಗಳೂರು ಎಂಬ ಹಳ್ಳಿಯ ಚಿನ್ನದ ಗಣಿ. ಚಿನ್ನದ ಅದಿರಿನ ಬಂಡೆಗಳಲ್ಲಿ ಆರ್ಸೆನಿಕ್ ಇರುವುದು ಸಾಮಾನ್ಯ. ಹೀಗೆ ಬಂಡೆ ಬದಲಾದಂತೆ ನೀರಿನಲ್ಲಿ ಕರಗುವ ವಿಷವೂ ಬದಲಾಗುತ್ತದೆ. ಯಾವ ಊರಿನಲ್ಲಿ ಯಾವುದನ್ನು ಪರೀಕ್ಷಿಸಬೇಕೆಂಬುದನ್ನು ಅಲ್ಲಿನ ಬಂಡೆಯ ಗುಣ ನೋಡಿ ನಿರ್ಧರಿಸಬೇಕು.

ಜೀವಿಯಿಲ್ಲದ ಜೀವಪರೀಕ್ಷೆ

ಜೀವಂತ ಸೂಕ್ಷ್ಮಾಣುವನ್ನು ಹೊಲಕ್ಕೆ ಒಯ್ಯುವುದರಲ್ಲಿ ಎರಡು ತೊಡಕುಗಳಿವೆ. ಅದು ಸಾಯದಂತೆ ಕಾಪಾಡಬೇಕು, ಹೊರಗೆ ಹರಡದಂತೆಯೂ ನೋಡಿಕೊಳ್ಳಬೇಕು. ಇದಕ್ಕೆ ಹೊಸ ಉಪಾಯವೊಂದು ಬಂದಿದೆ. ಸೂಕ್ಷ್ಮಾಣುವನ್ನು ಒಡೆದು, ಅದರೊಳಗಿನ ರಸವನ್ನು ಮಾತ್ರ ತೆಗೆದು, ಬೇಕಾದ ವಂಶವಾಹಿಯನ್ನು ಸೇರಿಸಿ, ಶೈತ್ಯದಲ್ಲಿ ಒಣಗಿಸಿ ಸಣ್ಣ ನಳಿಕೆಯಲ್ಲಿಡುತ್ತಾರೆ. ಅದಕ್ಕೆ ಒಂದು ಹನಿ ನೀರು ಬಿದ್ದೊಡನೆ ರಸ ಕೆಲಸ ಆರಂಭಿಸುತ್ತದೆ. ಇದರಲ್ಲಿ ಜೀವಿಯೇ ಇಲ್ಲದ್ದರಿಂದ ಅದು ಬೆಳೆದು ಹರಡುವ ಪ್ರಶ್ನೆ ಬರುವುದಿಲ್ಲ.

ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದವರು 2020ರಲ್ಲಿ ಈ ವಿಧಾನದಿಂದ ಫ್ಲೋರೈಡ್ ಪರೀಕ್ಷೆಯನ್ನು ಸಿದ್ಧಪಡಿಸಿದರು. ನೀರಿನಲ್ಲಿ ಫ್ಲೋರೈಡ್ ಇದ್ದರೆ ನಳಿಕೆ ಹಳದಿಯಾಗುತ್ತದೆ. ಕೋಸ್ಟರೀಕಾ ದೇಶದ ಇರಾಸು ಎಂಬ ಜ್ವಾಲಾಮುಖಿಯ ಬಳಿಯ ನೀರಿನ ಮೇಲೆ ಇದನ್ನು ಪ್ರಯೋಗಿಸಲಾಯಿತು. ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಅನ್ನು ಇದು ಗುರುತಿಸಬಲ್ಲದು. ಫ್ಲೋರೈಡ್ ಲೋಹವಲ್ಲ. ಆದರೆ ನಮ್ಮ ಜಿಲ್ಲೆಯ ಜನ ಹಲ್ಲಿನ ಕಲೆಗಳಿಂದ ಅದನ್ನು ಬಹುಕಾಲದಿಂದ ಬಲ್ಲರು. ನಮ್ಮಲ್ಲಿ ಫ್ಲೋರೈಡ್‌ಗೆ ಇರುವ ಮೇಲ್ಮಿತಿ ಲೀಟರಿಗೆ 1.5 ಮಿಲಿಗ್ರಾಂ ಆದ್ದರಿಂದ ಇಲ್ಲಿಯೂ ‘ಬಣ್ಣ ಬಂದರೆ ಎಚ್ಚರ, ಬಾರದಿದ್ದರೆ ನಿಶ್ಚಿಂತೆಯಲ್ಲ’ ಎಂಬ ನಿಯಮವೇ ಅನ್ವಯಿಸುತ್ತದೆ.

ಸೂಕ್ಷ್ಮಾಣು ಏಕೆ ತಪ್ಪುತ್ತದೆ?

ಉಪಕರಣವು ನೀರಿನಲ್ಲಿರುವ ಲೋಹವನ್ನೆಲ್ಲ ಅಳೆಯುತ್ತದೆ. ಸೂಕ್ಷ್ಮಾಣು ಅಳೆಯುವುದು ತನ್ನೊಳಕ್ಕೆ ಬಂದ ಅಥವಾ ತನ್ನನ್ನು ತಾಕಿದ ಲೋಹವನ್ನು ಮಾತ್ರ. ನಮ್ಮ ಕೊಳವೆ ಬಾವಿಗಳ ಗಡಸು ನೀರಿನಲ್ಲಿ ಯುರೇನಿಯಂ ಸುಣ್ಣದ ಅಂಶ ಮತ್ತು ಕಾರ್ಬೊನೇಟ್‌ಗಳ ಜೊತೆ ಕೂಡಿಕೊಂಡಿರುತ್ತದೆ. ಆಗ ಸೂಕ್ಷ್ಮಾಣುವಿಗೆ ಅದು ಸುಲಭವಾಗಿ ಸಿಗದೆ ಬೆಳಕು ಮಂಕಾಗಬಹುದು. ಬೇರೆ ಊರಿನ ಮೆದು ನೀರಿನಲ್ಲಿ ಚೆನ್ನಾಗಿ ನಡೆದ ಪರೀಕ್ಷೆಯನ್ನು ನಮ್ಮ ಗಡಸು ನೀರಿನಲ್ಲಿ ಮತ್ತೊಮ್ಮೆ ಪ್ರಯೋಗಿಸದೆ ಬಳಕೆಗೆ ತರುವಂತಿಲ್ಲ.

ಇನ್ನೊಂದು ಕಾರಣವೂ ಇದೆ. ನೀರಿನಲ್ಲಿ ಮತ್ತಾವುದೋ ವಿಷವಿದ್ದು ಸೂಕ್ಷ್ಮಾಣು ಸತ್ತರೆ ಆಗಲೂ ಬೆಳಕು ಬರುವುದಿಲ್ಲ. ಬೆಳಕಿಲ್ಲದ್ದನ್ನು ಕಂಡು ನೀರು ಶುದ್ಧವೆಂದುಕೊಂಡರೆ ಮೋಸವಾಗುತ್ತದೆ. ಹೊಸ ತಳಿಯನ್ನು ಪರೀಕ್ಷಿಸುವಾಗ ಪಕ್ಕದಲ್ಲೇ ಹಳೆಯ ತಳಿಯನ್ನು ಹೋಲಿಕೆಗೆ ಬೆಳೆಯುವಂತೆ, ಇಲ್ಲಿಯೂ ಹೋಲಿಕೆಯ ನಳಿಕೆಗಳು ಬೇಕು. ಒಂದರಲ್ಲಿ ಶುದ್ಧ ನೀರು, ಇನ್ನೊಂದರಲ್ಲಿ ಅದೇ ಬಾವಿಯ ನೀರಿಗೆ ಗೊತ್ತಾದ ಪ್ರಮಾಣದ ಲೋಹ ಸೇರಿಸಿದ್ದು. ಎರಡನೆಯದೂ ಬೆಳಗದಿದ್ದರೆ ಪರೀಕ್ಷೆಯೇ ಕೆಟ್ಟಿದೆ ಎಂದು ತಿಳಿಯಬೇಕು.

ಕಾನೂನಿನ ಕಟ್ಟಳೆ

ವಂಶವಾಹಿ ಮಾರ್ಪಡಿಸಿದ ಸೂಕ್ಷ್ಮಾಣುಗಳ ತಯಾರಿಕೆ, ಬಳಕೆ, ಆಮದು, ದಾಸ್ತಾನುಗಳಿಗೆ ಪರಿಸರ ಸಂರಕ್ಷಣಾ ಕಾಯಿದೆಯಡಿ 1989ರಲ್ಲಿ ರಚಿಸಿದ ನಿಯಮಗಳಿವೆ. ಇವನ್ನು ಪರಿಸರಕ್ಕೆ ಬಿಡಬೇಕಾದರೆ ಕೇಂದ್ರ ಸರ್ಕಾರದ ಜೆನೆಟಿಕ್ ಇಂಜಿನಿಯರಿಂಗ್ ಮೌಲ್ಯಮಾಪನ ಸಮಿತಿಯ ಒಪ್ಪಿಗೆ ಬೇಕು. ಯುರೇನಿಯಂ ಗುರುತಿಸುವ ಸೂಕ್ಷ್ಮಾಣು ನಮ್ಮ ಅಂಗಡಿಗಳಲ್ಲಿ ದೊರೆಯುವ ವಸ್ತುವಲ್ಲ. ಅಂತಹ ಪುಡಿಯನ್ನೋ ದ್ರಾವಣವನ್ನೋ ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ, ಬಾವಿಗೆ ಸುರಿಯಲೂ ಬಿಡಬೇಡಿ.

ನಮ್ಮ ದೇಶದಲ್ಲಿಯೂ ಈ ದಿಕ್ಕಿನಲ್ಲಿ ಕೆಲಸ ನಡೆದಿದೆ. ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ವಿಕಿರಣವನ್ನು ತಾಳಿಕೊಳ್ಳುವ ಡೀನೊಕಾಕಸ್ ಎಂಬ ಸೂಕ್ಷ್ಮಾಣುವಿಗೆ ಬೇರೊಂದು ವಂಶವಾಹಿಯನ್ನು ಸೇರಿಸಿ, ನೀರಿನಲ್ಲಿ ಕರಗಿದ ಯುರೇನಿಯಂ ಗಸಿಯಾಗಿ ತಳಕ್ಕೆ ಇಳಿಯುವಂತೆ ಮಾಡಿ 2006ರಲ್ಲಿ ವರದಿ ಪ್ರಕಟಿಸಿದರು. ಅದು ಪತ್ತೆ ಮಾಡುವುದಕ್ಕಲ್ಲ, ತೆಗೆಯುವುದಕ್ಕೆ.

ಈಗ ನೀವು ಮಾಡಬೇಕಾದ್ದು

ಸೂಕ್ಷ್ಮಾಣು ಪರೀಕ್ಷೆ ಬರಲೆಂದು ಕಾಯುತ್ತಾ ಕೂರುವ ಅಗತ್ಯವಿಲ್ಲ. ಕುಡಿಯಲು ಬಳಸುವ ಪ್ರತಿಯೊಂದು ಕೊಳವೆ ಬಾವಿಯ ನೀರನ್ನೂ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವುದು ಇಂದೇ ಸಾಧ್ಯ. ಮಾದರಿ ತೆಗೆಯುವಾಗ ಈ ಕ್ರಮವನ್ನು ಅನುಸರಿಸಿ.

1. ಪಂಪನ್ನು ಕನಿಷ್ಠ ಹತ್ತು ನಿಮಿಷ ಓಡಿಸಿ, ಪೈಪಿನಲ್ಲಿ ನಿಂತ ನೀರು ಹೊರಹೋದ ಮೇಲೆ ಮಾದರಿ ಹಿಡಿಯಿರಿ. ತೊಟ್ಟಿಯ ನೀರು ಬೇಡ.

2. ಪ್ರಯೋಗಾಲಯದವರೇ ಕೊಡುವ ಬಾಟಲಿ ಉತ್ತಮ. ಲೋಹ ಪರೀಕ್ಷೆಗೆಂದು ಅದರಲ್ಲಿ ಆಮ್ಲ ಹಾಕಿಟ್ಟಿದ್ದರೆ ತೊಳೆಯಬೇಡಿ. ಖಾಲಿ ಬಾಟಲಿಯಾದರೆ ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಿಸಿ. ಗೊಬ್ಬರ, ಕೀಟನಾಶಕ, ಎಣ್ಣೆ ಇಟ್ಟಿದ್ದ ಡಬ್ಬಿಗಳು ಕೂಡದು.

3. ಚೀಟಿಯಲ್ಲಿ ಊರು, ಸರ್ವೆ ನಂಬರು, ಬಾವಿಯ ಆಳ, ಮಾದರಿ ತೆಗೆದ ದಿನ, ಕುಡಿಯಲೋ ಬೇಸಾಯಕ್ಕೋ ಎಂಬುದನ್ನು ಬರೆದು ಅಂಟಿಸಿ.

4. ಬೇಸಾಯದ ನೀರಿನ ಸಾಮಾನ್ಯ ಪರೀಕ್ಷೆಯಲ್ಲಿ ನೋಡುವುದು ರಸಸಾರ, ಲವಣಾಂಶ, ಸೋಡಿಯಂಗಳನ್ನು. ಅದರಲ್ಲಿ ಯುರೇನಿಯಂ ಸೇರಿರುವುದಿಲ್ಲ. ‘ಯುರೇನಿಯಂ, ಫ್ಲೋರೈಡ್, ನೈಟ್ರೇಟ್’ ಎಂದು ಹೆಸರು ಹೇಳಿಯೇ ಕೇಳಬೇಕು. ಎಲ್ಲ ಪ್ರಯೋಗಾಲಯಗಳಲ್ಲಿಯೂ ಯುರೇನಿಯಂ ಪರೀಕ್ಷೆ ಇರುವುದಿಲ್ಲವಾದ್ದರಿಂದ ಮೊದಲೇ ವಿಚಾರಿಸಿಕೊಳ್ಳಿ.

5. ಒಂದು ಸಲ ಬೇಸಿಗೆಯ ಕೊನೆಯಲ್ಲಿ, ಮತ್ತೊಂದು ಸಲ ಮಳೆಗಾಲ ಮುಗಿದ ಮೇಲೆ ಪರೀಕ್ಷೆ ಮಾಡಿಸಿ. ಬಾವಿಯನ್ನು ಇನ್ನೂ ಆಳ ಮಾಡಿಸಿದರೆ ಹೊಸ ನೀರಿಗೆ ಹೊಸ ಪರೀಕ್ಷೆ ಬೇಕು.

ಕುಡಿಯುವ ನೀರಿನ ಪರೀಕ್ಷೆಗೆ ಗ್ರಾಮ ಪಂಚಾಯಿತಿಯ ಮೂಲಕ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯವನ್ನು ವಿಚಾರಿಸಿ. ಬೇಸಾಯದ ನೀರಿನ ಬಗ್ಗೆ ಚಿಂತಾಮಣಿ ತಾಲ್ಲೂಕಿನ ಕುರುಬೂರಿನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಲಹೆ ಪಡೆಯಬಹುದು. ಊರಿನ ಹತ್ತಾರು ಜನ ಒಟ್ಟಾಗಿ ಮಾದರಿಗಳನ್ನು ಕಳಿಸಿದರೆ ಖರ್ಚೂ ಓಡಾಟವೂ ಕಡಿಮೆಯಾಗುತ್ತವೆ, ಊರಿನಲ್ಲಿ ಒಳ್ಳೆಯ ನೀರಿನ ಬಾವಿ ಯಾವುದೆಂಬುದೂ ತಿಳಿಯುತ್ತದೆ.

ಫಲಿತಾಂಶ ಮಿತಿ ಮೀರಿದ್ದರೆ

ಮೊದಲನೆಯದಾಗಿ, ನೀರನ್ನು ಕುದಿಸಿದರೆ ಲೋಹ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಬಟ್ಟೆಯಿಂದ ಸೋಸುವುದು, ಕ್ಯಾಂಡಲ್ ಫಿಲ್ಟರು, ಕ್ಲೋರಿನ್ ಇವು ರೋಗಾಣುಗಳಿಗೆ ಅಥವಾ ಕಸಕ್ಕೆ ಮದ್ದೇ ಹೊರತು ಕರಗಿದ ಲೋಹಕ್ಕಲ್ಲ. ಆರ್.ಓ. ವಿಧಾನ ಯುರೇನಿಯಂ ಮತ್ತು ಫ್ಲೋರೈಡ್ ಎರಡನ್ನೂ ಬಹುಪಾಲು ತೆಗೆಯುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಈ ವಿಧಾನವಿದ್ದರೆ ಕುಡಿಯಲು ಮತ್ತು ಅಡುಗೆಗೆ ಅದನ್ನೇ ಬಳಸಿ. ಆದರೆ ಘಟಕದ ಪೊರೆಯನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ನೀರು ಹೆಸರಿಗೆ ಮಾತ್ರ ಶುದ್ಧ. ಘಟಕದಿಂದ ಹೊರಬಂದ ನೀರನ್ನೂ ವರ್ಷಕ್ಕೊಮ್ಮೆ ಪರೀಕ್ಷಿಸುವಂತೆ ಪಂಚಾಯಿತಿಯವರನ್ನು ಕೇಳಿ. ಘಟಕ ಹೊರಚೆಲ್ಲುವ ನೀರಿನಲ್ಲಿ ಲೋಹ ಇನ್ನೂ ಹೆಚ್ಚಾಗಿರುತ್ತದೆ. ಅದನ್ನು ಇಂಗುಗುಂಡಿಗಾಗಲಿ ಕೊಳವೆ ಬಾವಿಗಾಗಲಿ ಬಿಡಬಾರದು.

ಮಳೆ ನೀರು ಬಂಡೆಯನ್ನು ಮುಟ್ಟಿರುವುದಿಲ್ಲವಾದ್ದರಿಂದ ಅದರಲ್ಲಿ ಬಂಡೆಯ ಲೋಹಗಳೂ ಇರುವುದಿಲ್ಲ. ತಾರಸಿಯ ಮಳೆ ನೀರನ್ನು ಶುದ್ಧವಾದ ತೊಟ್ಟಿಯಲ್ಲಿ ಸಂಗ್ರಹಿಸಿ, ಸೋಸಿ, ಕುದಿಸಿ ಕುಡಿಯುವುದು ನಮ್ಮಂತಹ ಒಣ ಸೀಮೆಗೆ ಒಳ್ಳೆಯ ದಾರಿ.

ಇಂತಹ ನೀರಿನಲ್ಲಿ ಸ್ನಾನ ಮಾಡುವುದರಿಂದ, ಬಟ್ಟೆ ಒಗೆಯುವುದರಿಂದ ಅಪಾಯವಿಲ್ಲ, ಏಕೆಂದರೆ ಯುರೇನಿಯಂ ಚರ್ಮದ ಮೂಲಕ ಒಳಹೋಗುವುದು ಅತ್ಯಲ್ಪ. ಬೆಳೆಗಳಿಗೆ ಹಾಯಿಸಿದಾಗ ಅದರ ಹೆಚ್ಚಿನ ಭಾಗ ಮಣ್ಣಿಗೂ ಬೇರಿಗೂ ಅಂಟಿಕೊಳ್ಳುತ್ತದೆ, ಕಾಳಿಗೆ ಏರುವುದು ಕಡಿಮೆ. ಆದ್ದರಿಂದ ಬೇಸಾಯ ನಿಲ್ಲಿಸಬೇಕಾಗಿಲ್ಲ. ಗೆಡ್ಡೆ ತರಕಾರಿಗಳನ್ನು ಚೆನ್ನಾಗಿ ತೊಳೆದು, ಸಿಪ್ಪೆ ತೆಗೆದು ಬಳಸಿದರೆ ಒಳ್ಳೆಯದು.

ಸಾರಜನಕ ಗೊಬ್ಬರದ ಬಗ್ಗೆಯೂ ಒಂದು ಮಾತು. ಅಂತರ್ಜಲದಲ್ಲಿ ನೈಟ್ರೇಟ್ ಹೆಚ್ಚಿರುವ ಕಡೆ ಯುರೇನಿಯಂ ಕೂಡ ಹೆಚ್ಚಿರುವುದು ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾನಿಲಯದವರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡುಬಂದಿದೆ. ಬಂಡೆಯಲ್ಲಿರುವ ಯುರೇನಿಯಂ ಕರಗಲು ನೈಟ್ರೇಟ್ ನೆರವಾಗುತ್ತದೆ. ಬೆಳೆಗೆ ಬೇಕಾದ್ದಕ್ಕಿಂತ ಹೆಚ್ಚು ಯೂರಿಯಾ ಸುರಿದರೆ ಹಣದ ಜೊತೆಗೆ ಕುಡಿಯುವ ನೀರೂ ಕೆಡುತ್ತದೆ. ಮಣ್ಣು ಪರೀಕ್ಷೆಯ ಶಿಫಾರಸಿನಂತೆ, ಕಂತುಗಳಲ್ಲಿ ಕೊಡಿ.

ಕೆರೆಗಳ ನೀರಿನ ಮಾತು

ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಿಂದ ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಕೆರೆ ತುಂಬಿದ್ದನ್ನು ಕಂಡು ಸಂತೋಷಪಟ್ಟವರೂ ಇದ್ದಾರೆ, ನೀರಿನ ಗುಣದ ಬಗ್ಗೆ ಸಂದೇಹಪಟ್ಟವರೂ ಇದ್ದಾರೆ. ಎರಡನೇ ಹಂತದ ಸಂಸ್ಕರಣೆಯ ಮುಖ್ಯ ಉದ್ದೇಶ ಸಾವಯವ ಕೊಳೆಯನ್ನು ಕಳೆಯುವುದು. ಭಾರಲೋಹಗಳನ್ನು ತೆಗೆಯಲೆಂದೇ ಅದನ್ನು ರೂಪಿಸಿಲ್ಲ. ನಗರದ ನೀರಿನಲ್ಲಿ ಕಾರ್ಖಾನೆಗಳ ಕ್ರೋಮಿಯಂ, ಸೀಸ, ಕ್ಯಾಡ್ಮಿಯಂ ಸೇರುವ ಸಂಭವವಿರುವುದರಿಂದ ಈ ಕೆರೆಗಳ ನೀರು, ಹೂಳು, ಪಕ್ಕದ ಬಾವಿಗಳು ಇವುಗಳ ಪರೀಕ್ಷೆ ಬಿಡದೆ ನಡೆಯುತ್ತಿರಬೇಕು. ಇಲ್ಲಿ ಒಂದು ದಿನದ ಪರೀಕ್ಷೆ ಸಾಲದು, ಏಕೆಂದರೆ ಹರಿಯುವ ನೀರಿನ ಗುಣ ದಿನದಿನಕ್ಕೆ ಬದಲಾಗುತ್ತದೆ. ಕಡಿಮೆ ಖರ್ಚಿನಲ್ಲಿ ಪದೇ ಪದೇ ಮಾಡಬಹುದಾದ ಸೂಕ್ಷ್ಮಾಣು ಪರೀಕ್ಷೆ ಮುಂದೆ ಹೆಚ್ಚು ಉಪಯೋಗಕ್ಕೆ ಬರುವುದು ಇಂತಹ ಕಡೆಯೇ. ಅದು ಸಂದೇಹ ತೋರಿಸಿದ ದಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿದರಾಯಿತು.

ನೀರುಗಂಟಿಯ ಕೆಲಸ ತೂಬು ಕಾಯುವುದು. ಯಾರ ಗದ್ದೆಗೆ ಎಷ್ಟು ನೀರೆಂದು ತೀರ್ಮಾನಿಸುವುದು ಊರಿನವರ ಕೆಲಸ. ಸೂಕ್ಷ್ಮಾಣುವನ್ನೂ ಹೀಗೆಯೇ ಕಾವಲಿಗೆ ಇಟ್ಟುಕೊಂಡು, ಕೊನೆಯ ತೀರ್ಮಾನವನ್ನು ನಿಖರವಾದ ಅಳತೆಗೆ ಬಿಡಬೇಕು. ಆ ಕಾವಲುಗಾರ ನಮ್ಮ ಹಳ್ಳಿಗೆ ಬರುವುದಕ್ಕೆ ಇನ್ನೂ ಕಾಲ ಬೇಕು. ಆದರೆ ನಿಮ್ಮ ಮನೆಯವರು ಈ ದಿನವೂ ಅದೇ ಬಾವಿಯ ನೀರನ್ನು ಕುಡಿಯುತ್ತಿದ್ದಾರೆ. ಬಾವಿ ಕೊರೆಯಿಸಲು ಲಕ್ಷಾಂತರ ರೂಪಾಯಿ ಸುರಿದವರು ಅದರ ನೀರಿನ ಒಂದು ಬಾಟಲಿಯನ್ನು ಪರೀಕ್ಷೆಗೆ ಕಳಿಸಲು ಹಿಂದೆಮುಂದೆ ನೋಡಬಾರದು.